ಮೇಷ್ಟ್ರ ದನಿಗೊಂದು ಕಾಪಿ

ಹೊತ್ತು ಇನ್ನೂ ಸರಿಯಾಗಿ ಹುಟ್ಟಿಲ್ಲ. ಅರಳಗುಪ್ಪೆಯಾಚೆಯ ತೋಟದ ಮನೆಯೊಂದರಲ್ಲಿ ತೋಂಟದಾರ್ಯ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಂಪ್ಯೂಟರನ್ನು ಬಯ್ಯುತ್ತಿದ್ದಾರೆ. ಜೋರಾಗಿ ಅಲ್ಲ, ಹಲ್ಲು ಕಚ್ಚಿಕೊಂಡು. ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧ ದಾಟಿ ಬಂದು ನಿಂತುಬಿಟ್ಟಿದೆ. ಕಾಪಿ ಆಗಲಿಲ್ಲ ಎಂದು ಬರೆದದ್ದು ಮತ್ತೆ ಕಾಣಿಸಿಕೊಂಡಿದೆ. ನಿನ್ನೆ ಮಧ್ಯಾಹ್ನವೂ ಇದೇ ಹಾಡು. ಇವತ್ತು ಕತ್ತಲಲ್ಲೇ ಎದ್ದು ಸ್ಕೂಟರ್ ಓಡಿಸಿಕೊಂಡು ಬಂದದ್ದೂ ದಂಡ.

ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಒಂದೇ ಶಟರಿನ ಅಂಗಡಿ ಅವರದು. ಪಿಯುಸಿ ಕೈಕೊಟ್ಟ ಮೇಲೆ ಟೀವಿ ರಿಪೇರಿ ಕಲಿತರು, ಟೀವಿ ರಿಪೇರಿಗೆ ಬರುವುದೇ ನಿಂತಾಗ ಕಂಪ್ಯೂಟರಿಗೆ ಕೈ ಹಾಕಿದರು. ಈಗ ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಯವರೆಗೆ ಯಾವ ಹಳ್ಳಿಯ ಡಬ್ಬ ಮಲಗಿದರೂ ಇವರಿಗೇ ಫೋನು. ಹೆಸರು ಮಾತ್ರ ಯಾರಿಗೂ ಬೇಡ. ಎಲ್ಲರ ಮೊಬೈಲಿನಲ್ಲೂ ಅವರು ಬರೀ ‘ಕಂಪ್ಯೂಟರ್ ರಿಪೇರಿ’. ಜನ ಕೊಬ್ಬರಿ ಅಟ್ಟದ ಕೆಳಗೇ ಕಂಪ್ಯೂಟರ್ ಇಟ್ಟಿರುತ್ತಾರೆ, ಬಿಚ್ಚಿ ನೋಡಿದರೆ ಫ್ಯಾನಿನ ತುಂಬ ನಾರಿನ ಧೂಳು. ಅದನ್ನು ಊದಿ ಊದಿ ಅವರಿಗೆ ವರ್ಷವಿಡೀ ಸೀನು. ಇದನ್ನೆಲ್ಲ ಅವರು ಹೇಗೋ ಸಹಿಸಿಕೊಂಡಾರು, ಸಹಿಸಲಾಗದ್ದು ಬೇರೆಯೇ ಒಂದಿದೆ.

“ಎಲ್ರೂ ಕೇಳೋದು ಒಂದೇ ಕಣ್ರೀ, ಬೇಗ ಹೊಸ ವಿಂಡೋಸ್ ಹಾಕ್ಕೊಡು ಅಂತ. ಹಾಕೋದೇನು, ಮಕ್ಳಾಟ. ಹಾಕೋಕ್ ಮುಂಚೆ ಒಳಗಿರೋದನ್ನ ಈಚೆಗೆ ತೆಗೀಬೇಕಲ್ಲ, ಅಲ್ಲೈತೆ ಪ್ರಾಣಸಂಕಟ. ಒಂದ್ಸಲ ಅಳಿಸ್ದೆ ಅಂದ್ರೆ ನಾನೇನು ದೇವ್ರೇ, ವಾಪಸ್ ತರಾಕೆ?”

ಈ ಮನೆಯ ಕಂಪ್ಯೂಟರಿನ ಒಳಗಿರುವುದು ಒಬ್ಬ ಮನುಷ್ಯನ ದನಿ. ಚಿಕ್ಕರಂಗಯ್ಯನವರು ಸುತ್ತಲ ಹಳ್ಳಿಗಳಿಗೆಲ್ಲ ನಾಟಕದ ಮೇಷ್ಟ್ರು. ಹಾರ್ಮೋನಿಯಂ ಮುಂದೆ ಕೂತು ಪೌರಾಣಿಕ ನಾಟಕಗಳ ಹಾಡು ಹೇಳಿಕೊಟ್ಟೇ ತಲೆ ನರೆತವರು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಅದಕ್ಕೆ ಮುಂಚೆ ವೈದ್ಯರು ಇನ್ನು ದನಿ ಬರಲಾರದು ಎಂದು ಹೇಳಿದ್ದರಿಂದ, ಮೇಷ್ಟ್ರು ಮನೆಯಲ್ಲೇ ಕೂತು ಪ್ರತಿ ಪಾರ್ಟಿನ ಹಾಡನ್ನೂ ಹಾಡಿ ಇದರಲ್ಲಿ ತುಂಬಿಟ್ಟರು. ಈಗ ಅವರ ಬಾಯಲ್ಲಿ ಬರುವುದು ಬರೀ ಉಸಿರು. ಆದರೂ ಪಾಠ ನಿಂತಿಲ್ಲ. ಕಂಪ್ಯೂಟರ್ ಹಾಡುತ್ತದೆ, ಮೇಷ್ಟ್ರು ಹಾರ್ಮೋನಿಯಂ ಒತ್ತುತ್ತಾ ಹುಡುಗರ ತಪ್ಪಿಗೆ ತೊಡೆ ಚಿವುಟುತ್ತಾರೆ. ಆ ಕಂಪ್ಯೂಟರ್ ಈಗ ನಾಲ್ಕು ಸಲ ಗುಂಡಿ ಒತ್ತಿದರೆ ಒಂದು ಸಲ ಏಳುತ್ತದೆ, ಎದ್ದರೂ ನಡುವೆ ಸ್ತಬ್ಧವಾಗುತ್ತದೆ. ಅಳಿಸಿ ಹೊಸದಾಗಿ ಹಾಕದೆ ಬೇರೆ ದಾರಿಯಿಲ್ಲ.

ಮೊದಲ ದಿನವೇ ತೋಂಟದಾರ್ಯ ಕೇಳಿದ್ದರು, ಇನ್ನೊಂದು ಕಾಪಿ ಏನಾದರೂ ಇದೆಯೇ ಎಂದು. ಮೇಷ್ಟ್ರು ಹೆಮ್ಮೆಯಿಂದ ಪೆನ್‌ಡ್ರೈವ್ ತೆಗೆದುಕೊಟ್ಟರು. ಅದರಲ್ಲಿ ಹಾಡಿನ ಹೆಸರುಗಳೆಲ್ಲ ಸಾಲಾಗಿ ಇದ್ದವು. ತೋಂಟದಾರ್ಯರು ತಮ್ಮ ಮೊಬೈಲಿಗೆ ಸಿಕ್ಕಿಸಿ ಒತ್ತಿದರೆ ಒಂದೂ ಹಾಡಲಿಲ್ಲ. ಯಾರೋ ಪುಣ್ಯಾತ್ಮ ಹಾಡುಗಳನ್ನು ಬಿಟ್ಟು ಅವುಗಳ ಶಾರ್ಟ್‌ಕಟ್‌ಗಳನ್ನು ಮಾತ್ರ ಕಾಪಿ ಮಾಡಿಕೊಟ್ಟಿದ್ದ. ಮನೆಯನ್ನು ಬಿಟ್ಟು ಮನೆಯ ವಿಳಾಸವನ್ನಷ್ಟೇ ಹೊತ್ತು ತಂದ ಹಾಗೆ. ಎರಡು ವರ್ಷ ಅದನ್ನು ದೇವರ ಗೂಡಿನಲ್ಲಿ ಇಟ್ಟು ಮೇಷ್ಟ್ರು ನಿಶ್ಚಿಂತೆಯಿಂದ ಇದ್ದರಲ್ಲ ಎಂದು ನೆನೆದರೆ ತೋಂಟದಾರ್ಯರಿಗೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ಸರಿ, ಡಬ್ಬವನ್ನು ಅಂಗಡಿಗೆ ಒಯ್ದು ನೋಡೋಣವೆಂದರೆ ಅದಕ್ಕೂ ಒಪ್ಪಿಗೆಯಿಲ್ಲ. ಹಿಂದೆ ಯಾವುದೋ ಅಂಗಡಿಗೆ ರಿಪೇರಿಗೆಂದು ಕೊಟ್ಟ ಮೊಬೈಲು ಒಳಗಿನದೆಲ್ಲ ಅಳಿಸಿಕೊಂಡು ವಾಪಸಾಗಿತ್ತಂತೆ. ಅಂದಿನಿಂದ ಹೊಸ್ತಿಲು ದಾಟಿಸಬಾರದು ಎಂದು ಮೇಷ್ಟ್ರ ಹಟ. ತೋಂಟದಾರ್ಯರು ಹಣೆ ಚಚ್ಚಿಕೊಂಡು ತಮ್ಮ ದೊಡ್ಡ ಹಾರ್ಡ್‌ಡಿಸ್ಕನ್ನು ಇಲ್ಲಿಗೇ ಹೊತ್ತು ತಂದಿದ್ದಾರೆ. ಕೇಬಲ್ ಬದಲಿಸಿದರು. ತಾವು ತಂದ ಹಾರ್ಡ್‌ಡಿಸ್ಕನ್ನೇ ಬದಲಿಸಿ ನೋಡಿದರು. ಕಂಪ್ಯೂಟರಿನ ಒಳಗಿನ ಡಿಸ್ಕೇ ಸಾಯುತ್ತಿದೆ, ಅರ್ಧ ಹಾಡು ಹೋದ ಹಾಗೇ ಎಂದು ಮೇಷ್ಟ್ರ ಮುಖ ನೋಡಿಯೇ ಹೇಳಿಬಿಟ್ಟರು. ಮೇಷ್ಟ್ರು ಅಲ್ಲಾಡಲಿಲ್ಲ, ಹಾರ್ಮೋನಿಯಂ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದರು. ಆ ಮಾತು ಆಡಬಾರದಿತ್ತು ಎಂದು ತೋಂಟದಾರ್ಯರಿಗೆ ತಕ್ಷಣ ಅನ್ನಿಸಿತು.

ಗಂಟು ಬಿಡಿಸಿದವರು ಮೇಷ್ಟ್ರ ಹೆಂಡತಿ ಬೋರಮ್ಮ. ಒಲೆಯ ಮುಂದಿನಿಂದಲೇ ಅವರು ಕೇಳಿದರು: “ಅಲ್ಲ ಕಣಪ್ಪ, ಮೋಟ್ರು ಶುರುವಾದಾಗ ಲೈಟು ಕುಗ್ತದಲ್ಲ, ಆಗ್ಲೇ ಅಲ್ವಾ ನಿಂದೂ ನಿಲ್ಲೋದು?”

ತೋಂಟದಾರ್ಯರು ತಲೆಯೆತ್ತಿ ಬಲ್ಬು ನೋಡಿದರು. ಇದು ತೋಟದ ಮನೆ. ಇಲ್ಲಿಗೆ ಊರೊಳಗಿನ ಲೈನ್ ಬರುವುದಿಲ್ಲ, ಪಂಪ್‌ಸೆಟ್ಟಿನ ಲೈನೇ ಗತಿ. ತ್ರೀ ಫೇಸ್ ಕರೆಂಟು ಬಂದೊಡನೆ ಅಕ್ಕಪಕ್ಕದ ತೋಟಗಳ ಮೋಟರುಗಳೆಲ್ಲ ಆಟೋಮ್ಯಾಟಿಕ್ಕಾಗಿ ಶುರುವಾಗುತ್ತವೆ, ವೋಲ್ಟೇಜ್ ದಬಕ್ಕನೆ ಬೀಳುತ್ತದೆ. ಕಂಪ್ಯೂಟರ್ ಹೇಗೋ ತಡೆದುಕೊಳ್ಳುತ್ತದೆ, ಪಕ್ಕದ ಪ್ಲಗ್ಗಿಗೆ ಹಾಕಿದ ಹಾರ್ಡ್‌ಡಿಸ್ಕ್ ತಡೆದುಕೊಳ್ಳುವುದಿಲ್ಲ. ಯುಪಿಎಸ್ ಏನಾಯಿತೆಂದರೆ, ಅದರ ಬ್ಯಾಟರಿ ಸತ್ತು ಯಾವುದೋ ಕಾಲವಾಗಿದೆ, ಈಗ ಅದರ ಮೇಲೆ ನೀರಿನ ಬಿಂದಿಗೆ ಕೂತಿದೆ. ಸಾಕಪ್ಪಾ ಸಾಕು. ಇಷ್ಟು ವರ್ಷ ಇದೇ ಕಸುಬು ಮಾಡಿ ಇದು ಹೊಳೆಯಲಿಲ್ಲವಲ್ಲ ಎಂದು ಅವರಿಗೆ ತಮ್ಮ ಮೇಲೇ ಸಿಟ್ಟು ಬಂದಿದೆ.

ಮೋಟರು ನಿಲ್ಲಿಸಲು ಯಾರೂ ಸುಲಭಕ್ಕೆ ಒಪ್ಪುವ ಕಾಲವಲ್ಲ ಇದು. ಬೇಸಿಗೆ ಏರುತ್ತಿದೆ, ಒಂದು ಸರದಿ ನೀರು ತಪ್ಪಿದರೂ ಎಳೆಗಾಯಿ ಉದುರುತ್ತದೆಂಬ ಭಯ. ಬೋರಮ್ಮ ಬದುವಿನ ಮೇಲೆ ನಡೆದು ಹೋಗಿ ತೋಟತೋಟಕ್ಕೂ ಹೇಳಿ ಬರುತ್ತಾರೆ. ಪಕ್ಕದ ತೋಟದ ವೆಂಕಟಯ್ಯ ಮೊದಲು ಆಗುವುದಿಲ್ಲವೆಂದೇ ಗೊಣಗಿದರಂತೆ. ಈ ಸಲದ ನಾಟಕದಲ್ಲಿ ಅವರದು ರಾಜನ ಪಾರ್ಟು, ಹಾಡು ಇನ್ನೂ ಅರ್ಧ ಬಂದಿಲ್ಲ. ಆ ಹಾಡೂ ಮೇಷ್ಟ್ರ ಕಂಪ್ಯೂಟರಿನಲ್ಲೇ ಇದೆಯೆಂದು ಗೊತ್ತಾದ ಮೇಲೆ ಅವರೇ ಉಳಿದವರ ಸ್ಟಾರ್ಟರ್ ಆಫ್ ಮಾಡಿಸಲು ಹೊರಟರಂತೆ.

ಒಂದೊಂದೇ ಮೋಟರು ನಿಲ್ಲುತ್ತದೆ. ಮತ್ತೆ ಕಾಪಿಗೆ ಹಾಕಿದ ಮೇಲೆ ಹಸಿರು ಪಟ್ಟಿ ಅರ್ಧ ದಾಟುತ್ತದೆ, ಮುಕ್ಕಾಲು ದಾಟುತ್ತದೆ. ತೋಂಟದಾರ್ಯರು ಬಯ್ಯುವುದನ್ನೂ ಬಿಟ್ಟು ನೋಡುತ್ತಾರೆ. ಪಟ್ಟಿ ತುಂಬುತ್ತದೆ. ಎರಡೂ ಕಡೆ ಫೈಲುಗಳು ಸರಿಯಾಗಿವೆಯೇ ಎಂದು ತಾಳೆ ನೋಡಿ, ಹಳೆಯದನ್ನು ಅಳಿಸುವ ಗುಂಡಿಯ ಹತ್ತಿರ ಬೆರಳಿಟ್ಟು ಅವರು ಕೇಳುತ್ತಾರೆ, “ಒತ್ಲಾ ಮೇಷ್ಟ್ರೇ?”

ಮೇಷ್ಟ್ರು ಅವರ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ. ಹತ್ತಿರ ಬಾಗಿದರೆ ಮಾತ್ರ ಕೇಳುವ ಉಸಿರಿನಲ್ಲಿ, ಹಾರ್ಡ್‌ಡಿಸ್ಕಿನಲ್ಲಿರುವ ಕೊನೆಯ ಹಾಡನ್ನು ಹಾಕು ಎನ್ನುತ್ತಾರೆ. ಆಪರೇಷನ್ನಿನ ಹಿಂದಿನ ದಿನ ಹಾಡಿದ್ದು ಅದು. ತೋಂಟದಾರ್ಯರು ಹಾಕುತ್ತಾರೆ. ತುಂಬಿದ ಗಂಟಲಿನ ದನಿ ನಡುಮನೆಯಲ್ಲಿ ಎದ್ದು ನಿಲ್ಲುತ್ತದೆ. ಹಾಡು ಮುಗಿಯುತ್ತದೆ, ಹಾರ್ಮೋನಿಯಂ ನಿಲ್ಲುತ್ತದೆ, ರೆಕಾರ್ಡಿಂಗ್ ನಿಲ್ಲಿಸಲು ಅಂದು ಮರೆತಿದ್ದರೋ ಏನೋ, ಒಂದು ಕೆಮ್ಮು ಕೇಳಿಸಿ ಅದೇ ದನಿ ಕೂಗುತ್ತದೆ: “ಬೋರೀ, ಒಂದ್ಲೋಟ ಬಿಸ್ನೀರು ತತ್ತಾರೆ.”

“ತಂದೇ ಇರ್ರೀ” ಎಂದು ಅಡುಗೆಮನೆಯಿಂದ ಉತ್ತರ ಬರುತ್ತದೆ.

ಬೋರಮ್ಮ ಲೋಟ ಹಿಡಿದುಕೊಂಡೇ ಬಾಗಿಲವರೆಗೆ ಬಂದು ನಿಲ್ಲುತ್ತಾರೆ. ಮೇಷ್ಟ್ರು ಹೆಂಡತಿಯನ್ನು ನೋಡುತ್ತಾರೆ, ಕೈ ಚಾಚಿ ನೀರು ಇಸಿದುಕೊಳ್ಳುತ್ತಾರೆ. ತೋಂಟದಾರ್ಯರು ಮೂಗು ಒರೆಸಿಕೊಂಡು ಪರದೆಯ ಕಡೆ ತಿರುಗುತ್ತಾರೆ.

“ಕಾಪಿ ಸರಿಯಾಗೈತೆ ಮೇಷ್ಟ್ರೇ” ಎಂದು ಗುಂಡಿ ಒತ್ತುತ್ತಾರೆ.