ಕಡ್ಡಿ ಅಳತೆಯ ಬೂಟು

ನಾನು ಚಿಕ್ಕವನಿದ್ದಾಗ ಚಪ್ಪಲಿ ಕೊಳ್ಳಲು ನಮ್ಮ ಕಾಲು ಅಂಗಡಿಗೆ ಹೋಗುತ್ತಿರಲಿಲ್ಲ, ಅದರ ಅಳತೆ ಮಾತ್ರ ಹೋಗುತ್ತಿತ್ತು. ಹೊಸ್ತಿಲಿಗೆ ಹಿಮ್ಮಡಿ ಒತ್ತಿ ನಿಂತರೆ ಅಕ್ಕ ಪಾದದ ಪಕ್ಕ ಕಸಬರಿಗೆಯ ಕಡ್ಡಿ ಇಟ್ಟು, ಹೆಬ್ಬೆರಳಿನ ತುದಿಗೆ ಸರಿಯಾಗಿ ಲಟಕ್ಕನೆ ಮುರಿಯುತ್ತಿದ್ದಳು. ಅಪ್ಪ ಅದನ್ನು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಗಜೇಂದ್ರಗಡದ ಸಂತೆಗೆ ಹೋಗುತ್ತಿದ್ದ.

ನನಗೆ ಸಿಟ್ಟು ಬರುತ್ತಿದ್ದುದು ಅಲ್ಲಿ ಅವನು ಆಡುತ್ತಿದ್ದ ಒಂದೇ ಮಾತಿಗೆ. "ಬೆಳಿಯೋ ಕಾಲು ಐತ್ರಿ, ಎರಡು ಬೆರಳು ದೊಡ್ಡದು ಕೊಡ್ರಿ." ಹಿಂದಿನ ವರ್ಷದ ಚಪ್ಪಲಿಯಂತೂ ಮಳೆಗಾಲದ ಎರೆಮಣ್ಣಿನಲ್ಲಿ ಹೆಜ್ಜೆಗೊಮ್ಮೆ ಕಳಚಿಕೊಂಡು ನನ್ನನ್ನು ಸತಾಯಿಸಿತು. ನಾನು ಮುಂದೆ, ಅದು ಹಿಂದೆ. ಕಾಲು ಅದಕ್ಕೆ ಸರಿಹೋಗುವಷ್ಟು ಬೆಳೆಯುವ ಮೊದಲೇ ಚಪ್ಪಲಿಯ ಉಂಗುಟ ಕಿತ್ತುಹೋಯಿತು.

ಆ ಶ್ರಾವಣದಲ್ಲಿ ನಮ್ಮ ಮಾಸ್ತರರು ಹುಡುಗರನ್ನೆಲ್ಲ ಗಜೇಂದ್ರಗಡದ ಕೋಟೆಗೆ ನಡೆಸಿಕೊಂಡು ಹೋಗುವುದಾಗಿ ಹೇಳಿದರು. ಎರಡು ಹರದಾರಿ ದಾರಿ, ಆಮೇಲೆ ಗುಡ್ಡ. "ಮ್ಯಾಲೆಲ್ಲ ಜಾಲಿಮುಳ್ಳು. ಬರಿಗಾಲಾಗ ಬಂದವರನ್ನ ಹತ್ತಿಸಂಗಿಲ್ಲ" ಎಂದರು. ನಮ್ಮ ಹೊಲದಿಂದ ಆ ಗುಡ್ಡ ದಿನವೂ ಕಾಣುತ್ತಿತ್ತು. ಅಲ್ಲಿಂದ ನಮ್ಮ ಹೊಲ ಎಷ್ಟು ಸಣ್ಣದಾಗಿ ಕಾಣುತ್ತದೆಂದು ನೋಡುವ ಹುಚ್ಚು ನನಗೆ.

ಅಪ್ಪ ಕ್ಯಾನ್ವಾಸ್ ಬೂಟು ತರಲು ಒಪ್ಪಿದ. ಅಕ್ಕ ಕಡ್ಡಿ ಮುರಿದುಕೊಟ್ಟಳು. ಸಂತೆಯ ದಿನ ಬೆಳಿಗ್ಗೆ ಅಪ್ಪ ಜಳಕಕ್ಕೆ ಹೋದಾಗ ಗೂಟಕ್ಕೆ ಹಾಕಿದ್ದ ರುಮಾಲಿನಿಂದ ಕಡ್ಡಿ ತೆಗೆದೆ, ಎರಡು ಬೆರಳಷ್ಟು ಮುರಿದು ಮತ್ತೆ ಸಿಕ್ಕಿಸಿದೆ. ಅಪ್ಪ ಎರಡು ಬೆರಳು ಕೂಡಿಸುತ್ತಾನೆ, ನಾನು ಎರಡು ಕಳೆದಿದ್ದೇನೆ. ನನ್ನ ಬುದ್ಧಿಗೆ ನಾನೇ ಬೀಗಿದೆ.

ಸಂಜೆ ಅಪ್ಪ ಬಂದ. ಕಾಗದ ಬಿಚ್ಚುತ್ತಲೇ ಹೊಸ ರಬ್ಬರಿನ ವಾಸನೆ ಪಡಸಾಲೆಯ ತುಂಬ ಹರಡಿತು.

"ದಾರ್ಯಾಗ ಮಾಸ್ತರ ಸಿಕ್ಕಿದ್ರು. ಹಸಿ ದಾರಿ, ದೂರದ ನಡಿಗಿ, ಬೂಟು ಕಾಲಿಗೆ ತಕ್ಕಂಗ ಇರಬೇಕು ಅಂದ್ರು. ಅದಕ್ಕ ಈ ಸಲ ಕಡ್ಡಿ ಅಳತಿಗೇ ತಂದೇನಿ, ತಮ್ಮಾ."

ಬೆರಳು ಮಡಚಿ ಹೇಗೋ ಕಾಲು ತೂರಿಸಿದೆ. ಅಪ್ಪ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಬಿಗಿ ಆಗ್ಯಾವೇನ?" ಎಂದು ಕೇಳಿದ.

"ಇಲ್ಲಪ್ಪಾ, ಚಲೋ ಅದಾವು" ಎಂದೆ. ನಾಡಿದ್ದೇ ಕೋಟೆ, ಮುಂದಿನ ಸಂತೆಗೆ ಇನ್ನೂ ವಾರ. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಲು ಬಾಯೇ ಬರಲಿಲ್ಲ.

ಹೊರಟ ದಿನ ಜಿಟಿಜಿಟಿ ಮಳೆ. ಎರೆಮಣ್ಣು ಬೂಟಿನ ತಳಕ್ಕೆ ರೊಟ್ಟಿಯಂತೆ ಮೆತ್ತಿತು. ಕಲ್ಲಿಗೆ ಉಜ್ಜಿ ತೆಗೆದರೆ ಹತ್ತು ಹೆಜ್ಜೆಗೆ ಮತ್ತೆ ಅಷ್ಟೇ. ನೆನೆದ ಕ್ಯಾನ್ವಾಸ್ ಕಾಲನ್ನು ಇನ್ನೂ ಹಿಂಡಿತು. ಗುಡ್ಡದ ಬುಡ ಮುಟ್ಟಿದಾಗ ನಿಲ್ಲಲೂ ಆಗಲಿಲ್ಲ. ಮಾಸ್ತರರು ಬೂಟು ಬಿಚ್ಚಿದರು. ಹಿಮ್ಮಡಿಯ ಚರ್ಮ ಸುಲಿದಿತ್ತು, ಹೆಬ್ಬೆರಳ ಉಗುರು ಕಪ್ಪಾಗಿತ್ತು.

"ನೀ ಇಲ್ಲೇ ಕುಂದ್ರಪಾ" ಎಂದರು.

ಉಳಿದವರು ಹತ್ತಿದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವರ ಕೇಕೆ ಕೇಳಿಸಿತು. ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕುಳಿತಿದ್ದ ನಾನು ಬೂಟುಗಳನ್ನು ಎತ್ತಿ ಕೆಸರಿಗೆ ಎಸೆದೆ. ಮತ್ತೆ ನಾನೇ ಕುಂಟುತ್ತ ಹೋಗಿ ಎತ್ತಿಕೊಂಡು ಬಂದೆ. ಬೈಯಲು ನನ್ನ ಹೊರತು ಯಾರೂ ಇರಲಿಲ್ಲ.

ಸಂಜೆ ಅಪ್ಪ ನನ್ನ ಹಿಮ್ಮಡಿಗೆ ಅರಿಸಿನ ಕಲಸಿದ ಎಣ್ಣೆ ಹಚ್ಚಿದ. ಅವನ ಹಿಮ್ಮಡಿಯ ಬಿರುಕುಗಳಲ್ಲಿ ಎರೆಮಣ್ಣು ಒಣಗಿತ್ತು. ಅವನಿಗೆ ಬೂಟು ಎಂದೂ ಇರಲಿಲ್ಲ.

"ನಂದ ತಪ್ಪು, ತಮ್ಮಾ. ಎರಡು ಬೆರಳು ದೊಡ್ಡದ ತರಬೇಕಿತ್ತು" ಎಂದ.

ಕಡ್ಡಿ ಮುರಿದದ್ದನ್ನು ನಾನು ಆಗಲೂ ಹೇಳಲಿಲ್ಲ.

ಮೊಮ್ಮಕ್ಕಳೇ, ಮೊನ್ನೆ ನಿಮ್ಮ ಚಾರಣಕ್ಕೆ ಬೂಟು ಆರಿಸಲು ಹೋದಾಗ ನೀವು ನಾಲ್ಕು ಜೋಡಿ ಹಾಕಿ ನೋಡಿದಿರಿ. ಜಾರದ ತಳ, ನೀರು ಇಳಿಯದ ಬಟ್ಟೆ, ದಪ್ಪ ಕಾಲುಚೀಲ, ಎಲ್ಲವೂ ಇದ್ದವು. "ಬೆರಳು ಮಡಚುತ್ತವೇನ್ರೋ?" ಎಂದು ನಾನು ಹತ್ತು ಸಲ ಕೇಳಿದ್ದಕ್ಕೆ ನೀವು ನಕ್ಕಿರಿ. ನಿಮ್ಮಪ್ಪ ಒಂದೇ ಸಲ ಕೇಳಿದ. "ಬಿಗಿ" ಎಂದಿರಿ, ಬೇರೆ ಜೋಡಿ ಬಂತು. ಅಷ್ಟು ಸಲೀಸು.

ನನ್ನ ಅಪ್ಪನೂ ಕೇಳಿದ್ದ.