ಮಾರ್ಲಿಸ್ ಹತ್ತುವ ಗಾಡಿ

ಹಾರ್ಲಿ ಬಿಟ್ಟು ಬೇರೆ ಬೈಕಿನ ಮೇಲೆ ಕೂತರೆ ನನ್ನ ಹೆಸರು ಎಲ್ರಾಯ್ ಗುಂಡರ್ಸನ್ನೇ ಅಲ್ಲ ಎಂದು ಆ ಮನುಷ್ಯ ನಲವತ್ತು ವರ್ಷ ಊರ ತುಂಬ ಹೇಳಿಕೊಂಡು ತಿರುಗಿದ್ದ. ಎಡತೋಳಿನ ಮೇಲೆ ಹದ್ದಿನ ಹಚ್ಚೆ ಬೇರೆ. ಚರ್ಮ ಜೋತುಬಿದ್ದು ಆ ಹದ್ದು ಈಗ ಕೋಳಿಯಂತೆ ಕಾಣುತ್ತಿತ್ತು, ಆ ಮಾತು ಬಿಡಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಹುಟ್ಟಿದ ಈ ಗಾಡಿ ಆ ರಾಜ್ಯದವನಿಗೆ ಮನೆಮಗ ಇದ್ದ ಹಾಗೆ. ಚೀಸ್ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತನಾದ ಎಲ್ರಾಯ್‌ಗೆ ಈಗ ಎಪ್ಪತ್ತೆರಡು. ಒಂದು ಮಂಡಿ ಡಾಕ್ಟರು ಆಪರೇಷನ್ ಮಾಡಿ ಕೂರಿಸಿದ್ದು. ಗಾಡಿಯ ತೂಕ ಮಾತ್ರ ನಾನೂರು ಕಿಲೋ.

ಹಿಂದಿನ ಸೀಟು ಹೆಂಡತಿ ಮಾರ್ಲಿಸ್‌ದು. ಮದುವೆಯಾದಾಗಿನಿಂದ ಅವಳದೇ. ಅವಳಿಲ್ಲದೆ ಹೋದರೆ ಅವನಿಗೆ ಅದು ಸವಾರಿಯೇ ಅಲ್ಲ.

ಏಪ್ರಿಲ್‌ನಲ್ಲಿ ಎಡವಟ್ಟಾಯಿತು. ಚಳಿಗಾಲದಲ್ಲಿ ಹಿಮದಲ್ಲಿ ಗಾಡಿಗಳು ಜಾರದಿರಲೆಂದು ಎರಚಿದ ಮರಳು ರಸ್ತೆಯಲ್ಲಿ ಇನ್ನೂ ಬಿದ್ದಿತ್ತು. ಕೂಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಎಲ್ರಾಯ್ ಕಾಲೂರಿದ. ಮರಳು ಜಾರಿತು, ಮಂಡಿ ಕೈಕೊಟ್ಟಿತು. ಮುದಿ ಎಮ್ಮೆ ಮಲಗಿದಂತೆ ಗಾಡಿ ನಿಧಾನಕ್ಕೆ ಮಗ್ಗುಲಾಯಿತು. ಗಂಡ ಹೆಂಡತಿ ಇಬ್ಬರೂ ಹುಲ್ಲಿನ ಮೇಲೆ ಉರುಳಿದರು. ಸದ್ಯ, ಯಾರಿಗೂ ಏನೂ ಆಗಲಿಲ್ಲ. ಆದರೆ ಎಷ್ಟು ತಿಣುಕಿದರೂ ಗಾಡಿ ಎತ್ತಲು ಎಲ್ರಾಯ್ ಕೈಯಲ್ಲಿ ಆಗಲಿಲ್ಲ. ಹಾಲಿನ ಲಾರಿಯವನೊಬ್ಬ ಇಳಿದು ಬಂದು ಎತ್ತಿಕೊಟ್ಟ. "ಜೋಪಾನ, ತಾತಾ" ಎಂದ.

ಮಾರ್ಲಿಸ್ ಬಟ್ಟೆಗೆ ಅಂಟಿದ ಹುಲ್ಲು ಕೊಡವಿಕೊಂಡಳು. "ನಿನ್ ಮೇಲೆ ನಂಗೇನೂ ಕೋಪ ಇಲ್ಲ ಎಲ್ರಾಯ್. ಆದ್ರೆ ಈ ಎಮ್ಮೆ ಮೇಲೆ ಮಾತ್ರ ನಾನಿನ್ನು ಹತ್ತಲ್ಲ."

"ಏನೋ ಒಂದ್ಸಲ ಬಿತ್ತು ಅಂತ..."

"ಒಂದ್ಸಲ ಸಾಕಪ್ಪ. ಬಿದ್ರೆ ನೀನೇ ಎತ್ತೋವಂಥ ಗಾಡಿ ತಾ, ಆಮೇಲೆ ನೋಡೋಣ." ಹಾಗೆಂದವಳೇ ಹಾಲಿನ ಲಾರಿ ಹತ್ತಿ ಮನೆಗೆ ಹೋದಳು.

ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ಊರಿನ ಬೆವ್‌ಳ ಹೋಟೆಲಿಗೆ ಕರಿದ ಮೀನು ತಿನ್ನಲು ಎಲ್ರಾಯ್ ಬೈಕಿನಲ್ಲಿ ಮುಂದೆ, ಮಾರ್ಲಿಸ್ ಕಾರಿನಲ್ಲಿ ಹಿಂದೆ. ಕನ್ನಡಿಯಲ್ಲಿ ಅವಳ ಕಾರು ಕಂಡಾಗಲೆಲ್ಲ ಅವನು ಕೈ ಹಿಂದೆ ಚಾಚಿ ಖಾಲಿ ಸೀಟು ಮುಟ್ಟಿ ನೋಡುತ್ತಿದ್ದ.

ಎರಡು ತಿಂಗಳು ತಡೆದ. ಜೂನ್‌ನಲ್ಲಿ ಪಕ್ಕದ ಊರಿನ ಬೈಕ್ ಅಂಗಡಿಗೆ ಹೋಗಿ, ಜಪಾನಿನ ಒಂದು ಸಣ್ಣ ಗಾಡಿ ತೋರಿಸಿ, "ಇದನ್ನ ನೆಲದ ಮೇಲೆ ಮಲಗ್ಸಪ್ಪ" ಎಂದ. ಅಂಗಡಿಯವನು ಕಣ್ಣು ಕಣ್ಣು ಬಿಟ್ಟ. ಕೊನೆಗೆ ಕೆಳಗೆ ಕಂಬಳಿ ಹಾಸಿ ಮಲಗಿಸಿದ. ಎಲ್ರಾಯ್ ಬೆನ್ನು ಕೊಟ್ಟು ಒಂದೇ ದಮ್ಮಿಗೆ ಎತ್ತಿ ನಿಲ್ಲಿಸಿದ. ವ್ಯಾಪಾರ ಅಲ್ಲೇ ಮುಗಿಯಿತು.

ಮಾರ್ಲಿಸ್ ಗಾಡಿಯ ಸುತ್ತ ಒಂದು ಸುತ್ತು ಬಂದಳು, ಹತ್ತಲಿಲ್ಲ. "ಶುಕ್ರವಾರ ಕಳೀಲಿ. ಆ ಡುವೇನ್ ನಾಲ್ಕು ಮಾತಾಡಿದ್ರೆ ಸಾಕು, ಮಾರನೇ ದಿನವೇ ವಾಪಸ್ ಕೊಟ್ಟು ಬರೋ ಆಸಾಮಿ ನೀನು. ನಿನ್ನ ನಾನು ಕಾಣೆನಾ?"

ಡುವೇನ್ ಎಂದರೆ ಎಲ್ರಾಯ್‌ನ ಜೀವದ ಗೆಳೆಯ, ಹಾರ್ಲಿ ಸವಾರರ ಗುಂಪಿನ ಹಿರಿಯ. ಬೆವ್‌ಳ ಹೋಟೆಲಿನ ಮುಂದೆ ಹಾರ್ಲಿಗಳಿಗೆ ಮಾತ್ರ ಜಾಗ. ಬೇರೆ ಗಾಡಿ ಹಿತ್ತಲಿನಲ್ಲಿ, ಕರಿದೆಣ್ಣೆಯ ಪೀಪಾಯಿಗಳ ಪಕ್ಕ ನಿಲ್ಲಬೇಕು. ಅಷ್ಟೇ ಅಲ್ಲ, ಅಂಥದ್ದನ್ನು ಮೊದಲ ಸಲ ತಂದವನು ಗಲ್ಲಾದ ಮೇಲಿನ ಗಂಟೆ ಬಾರಿಸಿ, ಏನು ತಂದೆನೆಂದು ಎಲ್ಲರ ಮುಂದೆ ಕೂಗಿ ಹೇಳಬೇಕು. ಈ ಕಟ್ಟಳೆ ಮಾಡಿದ ಪುಣ್ಯಾತ್ಮ ಬೇರೆ ಯಾರೂ ಅಲ್ಲ, ನಮ್ಮ ಎಲ್ರಾಯೇ!

ಶುಕ್ರವಾರ ಮಾರ್ಲಿಸ್ ಎಂದಿನಂತೆ ಕಾರಿನಲ್ಲೇ ಬಂದಳು. ಅವನು ಹಿತ್ತಲಲ್ಲಿ ಗಾಡಿ ನಿಲ್ಲಿಸಿ, ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಂದು, ನೆಟ್ಟಗೆ ಹೋಗಿ ಗಂಟೆ ಬಾರಿಸಿದ.

"ಜಪಾನಿಂದು! ನೂರಾ ತೊಂಬತ್ತು ಕಿಲೋ! ನಂದೇ!"

ಎಲ್ಲರೂ ಹೋಟೆಲೇ ಹಾರಿಹೋಗುವಂತೆ ನಕ್ಕರು.

"ಹೊಲಿಗೆ ಮಿಷನ್ ತಂದ್ಯೇನೋ?" ಎಂದ ಡುವೇನ್. "ನನ್ ಪ್ಯಾಂಟು ಬಿಗಿಯಾಗಿದೆ, ಒಂಚೂರು ಸಡಿಲ ಮಾಡ್ಕೊಡು. ಆ ತೋಳಿನ ಹದ್ದನ್ನ ಏನ್ ಮಾಡ್ತೀಯ, ಕೆರೆದು ಹಾಕ್ತೀಯಾ?"

"ಅದು ಕೋಳಿಯಾಗಿ ಯಾವ ಕಾಲ ಆಯ್ತೋ!" ಎಂದ ಎಲ್ರಾಯ್.

ಮತ್ತೆ ನಗು. ಡುವೇನ್ ಮಾತ್ರ ನಗಲಿಲ್ಲ. ಬ್ರಾಂದಿಯ ಲೋಟ ಕೆಳಗಿಟ್ಟು, "ತಮಾಷೆ ಸಾಕು. ನಾಳೆ ವಾಪಸ್ ಕೊಟ್ಟು ಬರೋಣ, ನಾನೂ ಬರ್ತೀನಿ. ಗುಂಪು ಸವಾರಿ ಹೊರಟಾಗ ಸಾಲಲ್ಲಿ ನನ್ ಪಕ್ಕ ನೀನು ಅದ್ರ ಮೇಲೆ ಬಂದ್ರೆ ನಂಗೆ ನಾಚಿಕೆ ಕಣೋ" ಎಂದ.

ಎಲ್ರಾಯ್‌ನ ಕಿವಿ ಕೆಂಪೇರಿತು. ಮಾರ್ಲಿಸ್ ಕಡೆ ನೋಡಿದ. ಅವಳು ತನಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವಂತೆ ಮೀನಿನ ಮುಳ್ಳು ಬಿಡಿಸುತ್ತಿದ್ದಳು.

"ನೋಡು ಡುವೇನ್," ಎಂದ ಅವನು, "ನಿನ್ ಪಕ್ಕದಲ್ಲಿ ಹೋಗೋದು ಅಂದ್ರೆ ನಂಗೆ ಪ್ರಾಣ. ಆದ್ರೆ ಹಿಂದಿನ ಸೀಟು ಖಾಲಿ ಇಟ್ಕೊಂಡು ಎರಡು ತಿಂಗ್ಳು ಓಡ್ಸಿ ನೋಡ್ದೆ. ಆಗಲ್ಲ ಕಣೋ. ಅಳು ಬರುತ್ತೆ. ನಿಂಗೆ ನಾಚಿಕೆಯಾದ್ರೆ ಹಿಂದ್ಗಡೆ ಬರ್ತೀನಿ, ಬಿಡು. ಗಾಡಿ ಮಾತ್ರ ವಾಪಸ್ ಹೋಗಲ್ಲ."

ಡುವೇನ್ ಒಂದು ತುಂಡು ಮೀನು ಅಗಿದು ನುಂಗಿದ. ಆಮೇಲೆ ಪಕ್ಕದವರಿಗೆ ಕೇಳಿಸದಂತೆ ಬಗ್ಗಿ, "ಎಷ್ಟು ಕಿಲೋ ಅಂದೆ?" ಎಂದ.

ಮಾರ್ಲಿಸ್ ಕೈ ಒರೆಸಿಕೊಂಡು ಎದ್ದಳು. "ಬೆವ್, ನನ್ ಕಾರು ಇಲ್ಲೇ ಇರ್ಲಿ ಕಣೇ, ನಾಳೆ ತಗೊಂಡ್ ಹೋಗ್ತೀನಿ." ಮೇಜಿನ ಕೆಳಗಿನಿಂದ ಹೆಲ್ಮೆಟ್ ಎತ್ತಿಕೊಂಡಳು. ಅದನ್ನು ಅವಳು ಯಾವಾಗ ತಂದಿಟ್ಟಿದ್ದಳೋ ಎಲ್ರಾಯ್‌ಗೆ ಗೊತ್ತೇ ಆಗಿರಲಿಲ್ಲ.

ಹಿತ್ತಲಲ್ಲಿ ಇನ್ನೂ ಬಿಸಿಲಿತ್ತು. ಮಾರ್ಲಿಸ್ ಅವನ ಹೆಗಲು ಹಿಡಿದು ಹತ್ತಿ ಕೂತಳು. ದೊಡ್ಡ ಗಾಡಿಯಲ್ಲಿ ಅವಳಿಗೆ ಬೆನ್ನಿಗೊಂದು ದಿಂಬು, ಎರಡು ಕಡೆ ಕೈ ಊರಲು ಆಸರೆ. ಅದು ಮನೆಗೆ ಬಂದ ಮೇಲೆ ಇಪ್ಪತ್ತು ವರ್ಷ ಸೋಫಾದಲ್ಲಿ ಕೂತ ಹಾಗೆ ಗಂಡನಿಂದ ಮಾರು ದೂರ ಕೂತು ಹೋಗಿದ್ದಳು. ಇಲ್ಲಿ ಅದೇನೂ ಇಲ್ಲ. ಅತ್ತಿತ್ತ ತಡಕಾಡಿ, ಕೊನೆಗೆ ಎರಡೂ ಕೈಯಿಂದ ಅವನ ಸೊಂಟ ಬಳಸಿ ಹಿಡಿದಳು.

"ಮದುವೆ ಹೊಸದ್ರಲ್ಲಿ ಕೈಗೆ ಕೈ ಸೇರ್ತಿತ್ತು," ಎಂದಳು ಅವನ ಬೆನ್ನಿಗೆ ಕೆನ್ನೆ ಒತ್ತಿ. "ಈಗ ಬೆರಳ ತುದಿ ತಾಗುತ್ತೆ, ಅಷ್ಟೇ."

"ಸಾಕು ಬಿಡೇ, ಅಷ್ಟೇ ಹಿಡ್ಕೊ," ಎಂದು ಎಲ್ರಾಯ್ ಗಾಡಿ ಹೊರಡಿಸಿದ.