ಕುರ್ಚಿಯ ಕಾಲು ಹಿಡಿದ ಕಥೆ

ಕ್ಷಣಾರ್ಧದಲ್ಲಿ ಏನನ್ನಾದರೂ ಅಂಟಿಸುತ್ತೇನೆಂದು ಜಂಬ ಕೊಚ್ಚುವ ಪುಟ್ಟ ಟ್ಯೂಬು ಮೊದಲು ಅಂಟಿಸುವುದು ತನ್ನ ಮುಚ್ಚಳವನ್ನು, ಆಮೇಲೆ ಕೊಂಡವನ ಬೆರಳನ್ನು. ನಿಮ್ಮ ಮನೆಯಲ್ಲೂ ಅಂಥದೊಂದು ಯಾವುದೋ ಡ್ರಾವರಿನಲ್ಲಿ ಸಮಾಧಿಸ್ಥವಾಗಿದ್ದೀತು.

ಪುಣೆಯ ನಮ್ಮ ಅಡುಗೆಮನೆಯಲ್ಲಿ ಧಾರವಾಡದಿಂದ ಬಂದ ಸಾಗುವಾನಿ ಕುರ್ಚಿಯೊಂದಿದೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ನನ್ನ ಹೆಂಡತಿ ಸುಮತಿಗೆ ಯಾರ ನೆರವೂ ಇಲ್ಲದೆ ಕೂತು ಏಳಲು ಒದಗುವ ಎತ್ತರ ಅದೊಂದಕ್ಕೇ ಇರುವುದು. ಅದರ ಹಿಂಗಾಲು ಸಡಿಲವಾದಾಗ ನಾನು ಟ್ಯೂಬಿನಿಂದ ನಾಲ್ಕು ಹನಿ ಸುರಿದು, ಹೆಬ್ಬೆರಳನ್ನೂ ಕುರ್ಚಿಗೆ ಸಮರ್ಪಿಸಿ, ಬಿಸಿನೀರಿನಲ್ಲಿ ಬಿಡಿಸಿಕೊಂಡು ವಿಜಯ ಘೋಷಿಸಿದೆ. ಮೂರನೆಯ ದಿನ ಅವಳು ಬದನೆಕಾಯಿ ಹೆಚ್ಚುತ್ತಿದ್ದಾಗ ಕಾಲು ಕಳಚಿತು. ಅಡುಗೆ ಕಟ್ಟೆ ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ. ಅಂದಿನಿಂದ ನಿಂತೇ ಅಡುಗೆ ಮಾಡತೊಡಗಿದಳು. ಬೈದಿದ್ದರೆ ಸಹಿಸಬಹುದಿತ್ತು, ಬೈಯಲಿಲ್ಲ.

ಪಕ್ಕದ ಮನೆಯ ಜೋಶಿಯವರು "ಫೇಕೂನ್ ದ್ಯಾ" ಎಂದು, ಎಸೆದುಬಿಡುವ ಸಲಹೆಯನ್ನು ಮರಾಠಿಯಲ್ಲಿ ಕೊಟ್ಟರು. "ಎಸೆಯೂದಿಲ್ರಿ!" ಎಂದು ನಾನು ಕನ್ನಡದಲ್ಲೇ ಗುಡುಗಿದೆ. ಮುರಿದದ್ದನ್ನೆಲ್ಲ ಕಸದ ಗಾಡಿಗೆ ಹಾಕುವುದೇ ನಾಗರಿಕತೆಯಾದರೆ, ಎರಡು ಹಲ್ಲು ಕಟ್ಟಿಸಿಕೊಂಡಿರುವ ನಾನೂ ಅದೇ ಗಾಡಿಯ ಸರದಿಯಲ್ಲಿ ನಿಲ್ಲಬೇಕಾಗುತ್ತದೆ.

ಕುರ್ಚಿಯ ಕಾಲು ಹಿಡಿದು ರಸ್ತೆಯ ತಿರುವಿನ ಬಡಗಿಯ ಬಳಿ ಹೋದೆ. ಭೋರ್ ಕಡೆಯ ಆ ವೃದ್ಧರು ನನ್ನ ಕರ್ಮಕಾಂಡ ನೋಡಿ ನಕ್ಕರು. ಆ ಅಂಟು ಬಿರುಸು, ಭಾರ ಹೊತ್ತು ಅಲುಗುವ ಸಂದಿಗೆ ಆಗಿಬರದು; ಮರದೊಳಗೆ ಇಳಿಯುವ ಬಿಳಿ ಗೋಂದೇ ಬೇಕು, ಆದರೆ ಹಳೆಯ ಅಂಟಿನ ಮೇಲೆ ಅದೂ ಹಿಡಿಯದು ಎಂದು ತಿಳಿಹೇಳಿದರು. "ಆಧೀ ಖರವಡಾ," ಮೊದಲು ಕೆರೆಯಿರಿ.

ಕೆರೆದೆ. ಚಾಕು, ಉಪ್ಪುಕಾಗದ ಹಿಡಿದು, ಬರಿಯ ಮರ ಕಾಣುವವರೆಗೆ ಇಡೀ ಮಧ್ಯಾಹ್ನ ಕೆರೆದೆ. ಗೋಂದು ಸವರಿ, ಕಾಲು ಕೂಡಿಸಿ, ಹಗ್ಗ ಸುತ್ತಿ ಬಿಗಿದು, ಮರುದಿನದವರೆಗೆ ಮುಟ್ಟದೆ ಕಾದೆ. ಎಲ್ಲಕ್ಕಿಂತ ಕಠಿಣವಾದ ಕೆಲಸ ಆ ಮುಟ್ಟದಿರುವುದೇ.

ಹಗ್ಗ ಬಿಚ್ಚಿ ನಾನೇ ಮೊದಲು ಕೂತು ಕುಲುಕಿ ತೋರಿಸಿದೆ.

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ," ಅಂದಳು ಸುಮತಿ, "ಕುರ್ಚಿ ಮ್ಯಾಲೆ ಭರೋಸಾ ಇಲ್ಲ."

ಎರಡು ದಿನ ಅದರಲ್ಲೇ ಕೂತು ಉಂಡೆ, ಓದಿದೆ. ತೂಕದಲ್ಲಿ ನನ್ನ ಎರಡರಷ್ಟಿರುವ ಜೋಶಿಯವರನ್ನು ಕರೆತಂದು, ಬೇಕೆಂದೇ ಅದರ ಮೇಲೆ ಕೂರಿಸಿ, ಎರಡು ಕಪ್ಪು ಚಹಾ ಕುಡಿಸಿದೆ. ಕುರ್ಚಿ ಕಿರುಗುಟ್ಟಲೂ ಇಲ್ಲ.

ಮೂರನೆಯ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಸುಮತಿ ಕುರ್ಚಿಯಲ್ಲಿದ್ದಳು. ಕೈ ಕಟ್ಟೆಯ ಮೇಲಿರಲಿಲ್ಲ. ಪೂರ್ತಿ ಹಿಂದಕ್ಕೊರಗಿ, ಎರಡೂ ಪಾದಗಳನ್ನು ನೆಲದಿಂದ ಎತ್ತಿ ಆಡಿಸುತ್ತ, ಬಟಾಣಿ ಸುಲಿಯುತ್ತಿದ್ದಳು.

"ಏನ್ ನೋಡ್ಕೋತ ನಿಂತೀರಿ?" ಅಂದಳು. "ಉಳ್ಳಾಗಡ್ಡಿ ಕೊಡ್ರಿ."